ಅವಿಶ್ವಾಸದ ಎರಡು ಮುಖಗಳು

ಮಾರಿಕುಪ್ಪಂವರೆಗೆ ರೈಲಿನಲ್ಲಿ ಪ್ರಯಾಣ ಮಾಡಿದವರು ಕೋಲಾರ ಚಿನ್ನದ ಗಣಿಯ ಸೈನೈಡ್ ದಿಬ್ಬಗಳನ್ನು ನೋಡಿರುತ್ತಾರೆ. ಚಿನ್ನವನ್ನು ಸೋಸಿ ತೆಗೆದ ಮೇಲೆ ಉಳಿದ ಪುಡಿಯ ರಾಶಿಗಳವು. ಆಂಡರ್ಸನ್‌ಪೇಟೆಯ ಸುತ್ತಮುತ್ತ ಉಳಿದಿರುವ ಮತ್ತೊಂದು ವಸ್ತು ಕಣ್ಣಿಗೆ ಕಾಣುವಂಥದಲ್ಲ: ಸರ್ಕಾರದ ಮಾತಿನ ಮೇಲಣ ಅವಿಶ್ವಾಸ. ಪ್ರಜೆಯ ನಂಬಿಕೆ ಕಳೆದುಹೋದಾಗ ರಾಜಕೀಯಕ್ಕೆ ಏನಾಗುತ್ತದೆಂಬುದೇ ಇಂದಿನ ವಿಚಾರ.

ಅಮೆರಿಕದಲ್ಲಿ ಈ ನಂಬಿಕೆಯನ್ನು ೧೯೫೮ರಿಂದ ಅಳೆಯುತ್ತ ಬಂದಿದ್ದಾರೆ. ಆಗ ನೂರರಲ್ಲಿ ಸುಮಾರು ೭೩ ಜನ, ಕೇಂದ್ರ ಸರ್ಕಾರ ಬಹುಮಟ್ಟಿಗೆ ಸರಿಯಾದುದನ್ನೇ ಮಾಡುತ್ತದೆ ಎಂದಿದ್ದರು. ವಿಯೆಟ್ನಾಂ ಯುದ್ಧ ನಡೆಯಿತು. ವಾಟರ್‌ಗೇಟ್ ಹಗರಣದಿಂದ ೧೯೭೪ರಲ್ಲಿ ಅಧ್ಯಕ್ಷ ನಿಕ್ಸನ್ ರಾಜೀನಾಮೆಯಿತ್ತರು. ೧೯೮೦ರ ವೇಳೆಗೆ ಹಾಗೆ ನಂಬುವವರು ಕಾಲುಭಾಗದಷ್ಟಾದರು. ಅಲ್ಲಿಂದೀಚೆಗೆ, ತಾನು ರಾಜಧಾನಿಗೆ ಹೊರಗಿನವನೆಂದು ಹೇಳಿಕೊಳ್ಳುವುದೇ ಅಭ್ಯರ್ಥಿಗೊಂದು ಅರ್ಹತೆಯಾಯಿತು. ೧೯೭೬ರಲ್ಲಿ ಕಾರ್ಟರ್, ೧೯೮೦ರಲ್ಲಿ ರೇಗನ್, ೨೦೧೬ರಲ್ಲಿ ಟ್ರಂಪ್ ಗೆದ್ದದ್ದರಲ್ಲಿ ಈ ಮನೋಭಾವದ ಪಾಲು ಇದೆ. ನಂಬದ ಜನ ಸರ್ಕಾರದ ಕೈಗೆ ಬಲ ಕೊಡಲು ಹಿಂಜರಿಯುತ್ತಾರೆ; ಬಲವಿಲ್ಲದ ಸರ್ಕಾರ ಸೋಲುತ್ತದೆ; ಆ ಸೋಲು ಅವಿಶ್ವಾಸಕ್ಕೆ ಸಾಕ್ಷಿಯಾಗುತ್ತದೆ. ಇದೊಂದು ವಿಷವರ್ತುಲ.

ಈಗ ನಮ್ಮ ಗಣಿಯ ಊರಿಗೆ ಬರೋಣ. ಸರ್ಕಾರ ಮನಸ್ಸು ಮಾಡಿದರೆ ಏನಾಗುತ್ತದೆಂಬುದನ್ನು ಈ ಊರು ಕಂಡಿದೆ. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗಿಂತ ಮೊದಲು ತಲಪಿದ್ದು ಇಲ್ಲಿಗೆ. ಆದರೆ ಅದು ಬಂದದ್ದು ಗಣಿಗಾಗಿ. ಭೂಗರ್ಭಕ್ಕೆ ಇಳಿಯುತ್ತಿದ್ದವನಿಗೆ ಕಂಪನಿಯ ಮೇಲಾಗಲಿ ಆಳುವವರ ಮೇಲಾಗಲಿ ಕುರುಡು ವಿಶ್ವಾಸವಿರಲಿಲ್ಲ. ೧೯೩೦ರಲ್ಲಿ, ಕಾರ್ಮಿಕ ಸಂಘಗಳಿಗೆ ಕಾನೂನಿನ ಮನ್ನಣೆಯೇ ಇಲ್ಲದ ಕಾಲದಲ್ಲಿ, ಬೆರಳಚ್ಚು ಕೊಡಬೇಕೆಂಬ ನಿಯಮವನ್ನು ವಿರೋಧಿಸಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ಅದೂ ಅವಿಶ್ವಾಸವೇ. ಆದರೆ ಅದು ಹತ್ತು ಜನರನ್ನು ಕೂಡಿಸಿದ ಅವಿಶ್ವಾಸ. ಮುಂದೆ ಇಲ್ಲಿ ಸಂಘಗಳು ಬೆಳೆದವು. ಕಮ್ಯುನಿಸ್ಟರು, ರಿಪಬ್ಲಿಕನ್ ಪಕ್ಷದವರು, ಬಳಿಕ ಅಣ್ಣಾ ಡಿಎಂಕೆಯವರು ಇಲ್ಲಿಂದ ವಿಧಾನಸಭೆಗೆ ಆಯ್ಕೆಯಾದರು. ಸಂದೇಹವೇ ರಾಜಕೀಯ ಪ್ರಜ್ಞೆಯನ್ನು ಬೆಳೆಸಿತು.

೧೯೫೬ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶಕ್ಕೂ, ೧೯೬೨ರಲ್ಲಿ ಕೇಂದ್ರದ ವಶಕ್ಕೂ ಬಂದವು. ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸ್ಥಾಪನೆಯಾಯಿತು. ಯಜಮಾನ ಈಗ ಪರದೇಶದವನಲ್ಲ, ನಮ್ಮವನೇ. ಆದ್ದರಿಂದಲೇ ೨೦೦೧ರ ಫೆಬ್ರವರಿ ೨೮ರಂದು ಗಣಿ ಮುಚ್ಚಿದಾಗ ಪೆಟ್ಟು ಇನ್ನಷ್ಟು ಆಳಕ್ಕೆ ಇಳಿಯಿತು. ಅದಿರಿನಲ್ಲಿ ಚಿನ್ನದ ಅಂಶ ಇಳಿದದ್ದು, ಆಳ ಮೂರು ಕಿಲೋಮೀಟರನ್ನು ಮೀರಿ ಖರ್ಚು ಏರಿದ್ದು ನಿಜ. ಆದರೆ ಲೆಕ್ಕದ ಪುಸ್ತಕ ಮುಚ್ಚಿದಷ್ಟು ಸುಲಭವಾಗಿ ಒಂದು ಊರನ್ನು ಮುಚ್ಚಲಾಗದು. ಕೂಲಿಯನ್ನರಸಿ ಸಾವಿರಾರು ಜನ ನಸುಕಿನಲ್ಲೇ ಬೆಂಗಳೂರಿನ ರೈಲು ಹತ್ತುವಂತಾಯಿತು. ಹಿಂದೆ ಗಣಿಯ ಬಾಯಲ್ಲಿ ಒಟ್ಟಿಗೆ ನಿಲ್ಲುತ್ತಿದ್ದವರು ಈಗ ನೂರು ಕಡೆ ಚದುರಿದರು. ಅವಿಶ್ವಾಸವೂ ಅವರೊಡನೆ ಚದುರಿತು. ೨೦೨೪ರಲ್ಲಿ ಹದಿಮೂರು ದಿಬ್ಬಗಳಲ್ಲಿ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಸಮ್ಮತಿಸಿತು. ಇಂಥ ಸುದ್ದಿಗೆ, ಇಷ್ಟು ಕಂಡ ಊರು “ಆಗಲಿ, ನೋಡೋಣ” ಎಂದರೆ ತಪ್ಪೆನ್ನುವವರಾರು?

ಅವಿಶ್ವಾಸಕ್ಕೆ ಹೀಗೆ ಎರಡು ಮುಖ. ಒಂದು ಪ್ರಶ್ನೆ ಕೇಳಿ ಉತ್ತರಕ್ಕಾಗಿ ಪಟ್ಟುಹಿಡಿದು ನಿಲ್ಲುತ್ತದೆ. ಇನ್ನೊಂದು ಪ್ರಶ್ನೆ ಕೇಳುವುದನ್ನೇ ಬಿಟ್ಟು ಮುಖ ತಿರುಗಿಸುತ್ತದೆ. ಮೊದಲನೆಯದು ಪ್ರಜಾಪ್ರಭುತ್ವದ ಕಾವಲುಗಾರ. ಎರಡನೆಯದು ಬೆಳೆದ ಕಡೆ, ಅಬ್ಬರದ ಮಾತಿನವನಿಗೆ ದಾರಿ ತಾನಾಗಿ ತೆರೆದುಕೊಳ್ಳುತ್ತದೆ. ಸಂಶಯಪಡುವ ಪ್ರಜೆಯನ್ನು ಕಂಡು ಸರ್ಕಾರ ಅಂಜಬೇಕಾಗಿಲ್ಲ. ಕೇಳುವುದನ್ನೇ ಬಿಟ್ಟವನನ್ನು ಕಂಡು ಅಂಜಬೇಕು.