ವಿಕಿರಣೌಷಧಗಳಲ್ಲಿ ಬಫರ್ ಶೇಷದ ಪರೀಕ್ಷೆ

ವ್ಯಾಕರಣಶಾಸ್ತ್ರವನ್ನು ವ್ಯಾಸಂಗ ಮಾಡಿದವರಿಗೆ ಅನುಬಂಧವೆಂಬುದು ಅಪರಿಚಿತವಲ್ಲ. ಪಚ್ ಧಾತುವಿಗೆ ಘಞ್ ಪ್ರತ್ಯಯವು ಪರವಾದಾಗ ಘಕಾರದ ಬಲದಿಂದ ಚಕಾರವು ಕಕಾರವಾಗುವುದು. ಞಕಾರದ ಬಲದಿಂದ ಅಕಾರಕ್ಕೆ ವೃದ್ಧಿಯಾಗುವುದು. ಕಾರ್ಯವನ್ನು ನಡೆಯಿಸಿದ ಆ ಎರಡು ವರ್ಣಗಳೂ ಲೋಪಹೊಂದಿ ‘ಪಾಕ’ವೆಂಬ ರೂಪವು ಉಳಿಯುವುದು. ರಸಾಯನಜ್ಞರ ಪಾಕದಲ್ಲಿಯೂ ಇಂತಹ ಅನುಬಂಧಗಳುಂಟು. ಆದರೆ ವೈಯಾಕರಣನ ಲೋಪವು ವಿಧಿಮಾತ್ರದಿಂದ ಸಿದ್ಧಿಸುವುದು. ರಸಾಯನಜ್ಞನ ಲೋಪವನ್ನಾದರೋ ಪರೀಕ್ಷಿಸಿಯೇ ತಿಳಿಯಬೇಕು. ಗ್ಯಾಲಿಯಂ-68 ಎಂಬ ವಿಕಿರಣಶೀಲ ಲೋಹವನ್ನು ಕೂಡಿಸಿ ಮಾಡುವ ಔಷಧಗಳಲ್ಲಿ ಈ ಪರೀಕ್ಷೆಯು ಹೇಗೆ ನಡೆಯುವುದೆಂಬುದನ್ನು ಇಲ್ಲಿ ನಿರೂಪಿಸಲಾಗುವುದು.

ಗ್ಯಾಲಿಯಂ-68, ಜರ್ಮೇನಿಯಂ-68ರಿಂದ ಹುಟ್ಟುವುದು. ತಾಯಿಯ ಅರ್ಧಾಯುಷ್ಯವು ಸುಮಾರು 271 ದಿವಸ. ಮಗುವಿನದು ಸುಮಾರು 68 ನಿಮಿಷ. (ಈ ಎರಡು ಧಾತುಗಳೂ ಕಂಡುಹಿಡಿಯಲ್ಪಡುವ ಮೊದಲೇ ಮೆಂಡೆಲೀವ್ ಪಂಡಿತನು ಅವುಗಳ ಇರುವಿಕೆಯನ್ನು ಊಹಿಸಿ, ನಮ್ಮ ಸಂಸ್ಕೃತದ ‘ಏಕ’ ಶಬ್ದವನ್ನು ಮುಂದಿಟ್ಟು ಏಕ-ಅಲ್ಯುಮಿನಿಯಂ, ಏಕ-ಸಿಲಿಕಾನ್ ಎಂದು ಕರೆದಿದ್ದನು. ಮೊದಲನೆಯದು 1875ರಲ್ಲಿಯೂ ಎರಡನೆಯದು 1886ರಲ್ಲಿಯೂ ದೊರೆತವು.) ದುರ್ಬಲಗೊಳಿಸಿದ ಹೈಡ್ರೋಕ್ಲೋರಿಕ್ ಆಮ್ಲದಿಂದ ತೊಳೆದು ತೆಗೆದ ಗ್ಯಾಲಿಯಂ ಅನ್ನು, ಎಡೋಟ್ರಿಯೋಟೈಡ್ ಮೊದಲಾದ ವಾಹಕದ್ರವ್ಯದೊಡನೆ ಕಾಯಿಸಿ ಸಂಯೋಗಗೊಳಿಸುವರು. ಇದನ್ನು ರಕ್ತನಾಳಕ್ಕೆ ಚುಚ್ಚಿದರೆ ಕೆಲವು ಬಗೆಯ ಗೆಡ್ಡೆಗಳಲ್ಲಿ ಸೇರಿಕೊಂಡು, ಅವುಗಳ ನೆಲೆಯನ್ನು ಚಿತ್ರದಲ್ಲಿ ತೋರಿಸಿಕೊಡುವುದು.

ಈ ಸಂಯೋಗಕ್ಕೆ ಆಮ್ಲತೆಯು ಹದವಾಗಿರಬೇಕು. ಆಮ್ಲವು ಮಿತಿಮೀರಿದರೆ ವಾಹಕವು ಲೋಹವನ್ನು ಹಿಡಿಯಲಾರದು. ತೀರ ಕಡಮೆಯಾದರೆ ಲೋಹವೇ ಹೈಡ್ರಾಕ್ಸೈಡಾಗಿ ಬೇರೆಯಾಗಿಬಿಡುವುದು. ಹದವನ್ನು ಕಾಯುವ ದ್ರವ್ಯಕ್ಕೆ ಬಫರ್ ಎಂದು ಹೆಸರು. ಇದಕ್ಕೆ ‘ಸ್ಥಿತಿರಕ್ಷಕ’ವೆಂಬ ಶಬ್ದವನ್ನು ಕಲ್ಪಿಸಬಹುದಾದರೂ, ಪ್ರಯೋಗಶಾಲೆಯಲ್ಲಿ ರೂಢಿಯಾದುದನ್ನೇ ಇಟ್ಟುಕೊಳ್ಳುವುದು ಲೇಸು. ನಾರ್ಮನ್ ಗುಡ್ ಮತ್ತು ಆತನ ಸಹೋದ್ಯೋಗಿಗಳು 1966ರಲ್ಲಿ ಜೀವರಸಾಯನದ ಪ್ರಯೋಗಗಳಿಗಾಗಿ ಪ್ರಕಟಿಸಿದ ಬಫರುಗಳಲ್ಲಿ ‘ಹೆಪೆಸ್’ ಎಂಬುದೊಂದು. ಅದು ಲೋಹವನ್ನು ತಾನು ಬಿಗಿಯಾಗಿ ಹಿಡಿದುಕೊಳ್ಳದೆ ವಾಹಕಕ್ಕೆ ಬಿಟ್ಟುಕೊಡುವುದರಿಂದ ಈ ಪಾಕಕ್ಕೆ ಒಪ್ಪುವುದು. ಆದರೆ ಮನುಷ್ಯರಿಗೆ ಚುಚ್ಚುವ ಔಷಧದ ಅಂಗವಾಗಿ ಅದಕ್ಕೆ ಅಂಗೀಕಾರವಿಲ್ಲ. ವಿಷವೆಂದು ಸಿದ್ಧಪಟ್ಟಿದೆಯೆಂದಲ್ಲ, ನಿರಪಾಯವೆಂಬುದಕ್ಕೆ ಸಾಕಷ್ಟು ಪ್ರಮಾಣವಿಲ್ಲವೆಂದು ಮಾತ್ರ. ಆದುದರಿಂದ ಸಂಯೋಗವಾದ ಮೇಲೆ ಔಷಧವನ್ನು ಒಂದು ಶೋಧಕ ಕೊಳವೆಯಲ್ಲಿ ತಡೆದು, ಹೆಪೆಸನ್ನು ನೀರಿನಿಂದ ತೊಳೆದುಹಾಕಿ, ಬಳಿಕ ಔಷಧವನ್ನು ಎಥನಾಲಿನಿಂದ ಇಳಿಸಿಕೊಳ್ಳುವರು.

ಇಷ್ಟಾದರೂ ಸ್ವಲ್ಪ ಶೇಷವು ಉಳಿಯಬಹುದು. ಗ್ಯಾಲಿಯಂ-68 ಎಡೋಟ್ರಿಯೋಟೈಡಿನ ವಿಷಯದಲ್ಲಿ ಯೂರೋಪಿನ ಔಷಧಸಂಹಿತೆಯು ಇದಕ್ಕೆ 200 ಮೈಕ್ರೊಗ್ರಾಮುಗಳ, ಎಂದರೆ ಮಿಲಿಗ್ರಾಮಿನ ಐದನೆಯ ಒಂದು ಪಾಲಿನ, ಮೇರೆಯನ್ನು ವಿಧಿಸಿತು. ಮೇರೆಯು ಒಂದೊಂದು ಮಿಲಿಲೀಟರಿಗಲ್ಲ, ಒಬ್ಬನಿಗೆ ಕೊಡಬಹುದಾದ ಪರಮಾವಧಿ ಪ್ರಮಾಣದ ದ್ರವಕ್ಕೆ. ಆ ಪ್ರಮಾಣವು 10 ಮಿಲಿಲೀಟರಾದರೆ ಪ್ರತಿ ಮಿಲಿಲೀಟರಿನಲ್ಲಿ 20 ಮೈಕ್ರೊಗ್ರಾಮಿಗೆ ಮೀರಕೂಡದು. ಈ ನಿಯಮದಲ್ಲಿ ಬಹಳ ವಿವೇಕವಿದೆ. ಹೇಗೆಂದರೆ, ವಿಕಿರಣವು ನಿಮಿಷನಿಮಿಷಕ್ಕೂ ಕ್ಷಯಿಸುವುದು; ಹೆಪೆಸ್ ಕ್ಷಯಿಸದು. ಈಗ 4 ಮಿಲಿಲೀಟರಿನಲ್ಲಿರುವ ಶಕ್ತಿಗೆ 68 ನಿಮಿಷಗಳ ಮೇಲೆ 8 ಮಿಲಿಲೀಟರು ಬೇಕಾಗುವುದು. ಆಗ ಕಡೆಯ ರೋಗಿಯ ದೇಹಕ್ಕೆ ಮೊದಲನೆಯವನಿಗಿಂತ ಇಮ್ಮಡಿ ಹೆಪೆಸ್ ಸೇರುವುದು. ಪರಮಾವಧಿಯನ್ನು ಹಿಡಿದೇ ಎಣಿಸಿದರೆ ಈ ತೊಡಕು ಮೊದಲೇ ಪರಿಹಾರವಾಗುವುದು.

ಪರೀಕ್ಷೆಯ ಕ್ರಮವು ಸರಳವಾದುದು. ಸಿಲಿಕವನ್ನು ತೆಳ್ಳಗೆ ಲೇಪಿಸಿದ ಫಲಕದ ಮೇಲೆ ಔಷಧದ ಒಂದು ಬಿಂದುವನ್ನೂ, ಮೇರೆಯಷ್ಟೇ ಹೆಪೆಸ್ ಇರುವ ಮಾದರಿಯ ಒಂದು ಬಿಂದುವನ್ನೂ ಪಕ್ಕಪಕ್ಕದಲ್ಲಿಡುವರು. ನೀರು ಮತ್ತು ಅಸಿಟೊನೈಟ್ರೈಲ್ ಬೆರೆಸಿದ ದ್ರವವು ಫಲಕವನ್ನೇರುತ್ತ ದ್ರವ್ಯಗಳನ್ನು ಬೇರ್ಪಡಿಸುವುದು. ಬಳಿಕ ಅಯೋಡಿನ್ ಆವಿಯನ್ನು ಸೋಕಿಸಿದರೆ ಕಲೆಗಳು ಮೂಡುವುವು. ಔಷಧದ ಕಲೆಯು ಮಾದರಿಯ ಕಲೆಗಿಂತ ಗಾಢವಾಗಿರಬಾರದು. ಇಲ್ಲಿ ಸಾಧಿಸುವುದು ಹೆಪೆಸಿನ ಅತ್ಯಂತಾಭಾವವನ್ನಲ್ಲ, ಅದರ ಆಧಿಕ್ಯದ ಅಭಾವವನ್ನು ಮಾತ್ರ ಎಂಬುದನ್ನು ತರ್ಕಜ್ಞರಾದ ವಾಚಕರು ಲಕ್ಷಿಸಬೇಕು.

ನಿರ್ಣಯವು ಕಣ್ಣಿಗೆ ಸೇರಿದುದರಿಂದ ತೊಡಕು ಇಲ್ಲದಿಲ್ಲ. ಕಲೆಗಳ ಅಲ್ಪಸ್ವಲ್ಪ ತಾರತಮ್ಯವನ್ನು ಇಬ್ಬರು ಒಂದೇ ಬಗೆಯಾಗಿ ಕಾಣಲಾರರು. ಅಯೋಡಿನ್ ಆವಿಯಾದರೋ ಹೆಪೆಸನ್ನೇ ಅಲ್ಲದೆ ಇತರ ಸಾವಯವ ದ್ರವ್ಯಗಳನ್ನೂ ಬಣ್ಣಗೊಳಿಸುವುದು. ಅನುಮಾನಪಟ್ಟು ಮತ್ತೆ ಪರೀಕ್ಷಿಸೋಣವೆಂದರೆ, ಅರ್ಧ ಗಂಟೆಯಲ್ಲಿ ಔಷಧದ ಶಕ್ತಿಯು ಕಾಲುಪಾಲಿಗಿಂತಲೂ ಹೆಚ್ಚು ಕಳೆದುಹೋಗುವುದು, ರೋಗಿಯು ಹೊರಗೆ ಕಾದಿರುವನು. ನಿರ್ದೋಷವಾದ ಪಾಕವನ್ನು ಚೆಲ್ಲುವುದೂ ಅವನಿಗೆ ನಷ್ಟವೇ. ಇದಕ್ಕಾಗಿ ಅಧಿಕ ಒತ್ತಡದ ದ್ರವ-ಕ್ರೊಮಾಟೊಗ್ರಫಿಯಿಂದ ಹೆಪೆಸನ್ನು ಅಂಕೆಯಲ್ಲಿಯೇ ಅಳೆಯುವ ವಿಧಾನಗಳು ಬಂದಿವೆ. ಗಾಢವೋ ತೆಳುವೋ ಎಂಬ ವಿವಾದಕ್ಕೆ ಅಲ್ಲಿ ಎಡೆಯಿಲ್ಲವಾದುದರಿಂದ, ಯಂತ್ರವು ಬೆಲೆಯುಳ್ಳದ್ದಾದರೂ ಅದೇ ಶ್ರೇಯಸ್ಕರವೆಂದು ನಮಗೆ ತೋರುವುದು. ಕೆಲವರು ಹೆಪೆಸಿಗೆ ಬದಲಾಗಿ ಸೋಡಿಯಂ ಅಸಿಟೇಟನ್ನೇ ಬಫರಾಗಿ ಉಪಯೋಗಿಸುವರು. ಅಂತಹ ಪಾಕಕ್ಕೆ ಈ ಪರೀಕ್ಷೆಯೇ ಬೇಕಾಗುವುದಿಲ್ಲ.