ರಸ್ತೆಬದಿಯ ರಾಶಿಗುಂಬಳ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಪಶ್ಚಿಮಕ್ಕೆ ಕನೆಕ್ಟಿಕಟ್ ನದಿ ಹರಿಯುವ ಫಲವತ್ತಾದ ಬಯಲಿದೆ. ಸೆಪ್ಟೆಂಬರ್ ಕೊನೆಗೆ ಅಲ್ಲಿಗೆ ಬರುವ ಪ್ರವಾಸಿಗರು ಕೆಂಪೇರಿದ ಮೇಪಲ್ ಮರಗಳನ್ನು ತಲೆಯೆತ್ತಿ ನೋಡುತ್ತಾರೆ. ಊರಿನವರ ಕಣ್ಣು ಮಾತ್ರ ಕೆಳಗೆ, ಹೊಲದ ಅಂಚಿಗಿಟ್ಟ ಹಲಗೆಗಳ ಮೇಲಿರುತ್ತದೆ. ಅಲ್ಲಿ ನೀಲಿ, ಹಸಿರು, ಕೆನೆ, ಕಿತ್ತಳೆ ಬಣ್ಣದ ಕುಂಬಳಗಳ ರಾಶಿ. ರಟ್ಟಿನ ಚೂರಿನ ಮೇಲೆ ಕೈಬರಹದ ಬೆಲೆ. ಕಂಬಕ್ಕೆ ಬಿಗಿದ, ಮೇಲೆ ಸೀಳಿರುವ ಒಂದು ದುಡ್ಡಿನ ಡಬ್ಬಿ. ಮಾರುವವರು ಯಾರೂ ಇರುವುದಿಲ್ಲ. ಬೇಕಾದ ಕಾಯಿ ಎತ್ತಿಕೊಂಡು, ದುಡ್ಡು ಡಬ್ಬಿಗೆ ಹಾಕಿ ಹೋಗುವುದು ರೂಢಿ. ಚಿಲ್ಲರೆ ಕೊಡುವವರಿಲ್ಲ, ಸರಿಯಾದ ನೋಟು ಜೇಬಿನಲ್ಲಿರಬೇಕು. ಈಚೆಗೆ ಡಬ್ಬಿಯ ಪಕ್ಕದಲ್ಲಿ ಮೊಬೈಲಿನಿಂದ ಹಣ ಕಳಿಸುವ ಕೋಡನ್ನೂ ಅಂಟಿಸಿರುತ್ತಾರೆ.

ಫಾರ್ಮ್ ಸ್ಟ್ಯಾಂಡ್ ಎಂದು ಕರೆಯುವ ಈ ಅಂಗಡಿಗಳೆಲ್ಲ ಇಷ್ಟು ಸರಳವೂ ಅಲ್ಲ. ದೊಡ್ಡ ಹಿಡುವಳಿಯವರು ಶೆಡ್ಡು ಕಟ್ಟಿ, ತಕ್ಕಡಿ ಇಟ್ಟು, ಸೇಬಿನ ರಸ, ಜೇನುತುಪ್ಪ ಎಲ್ಲ ಮಾರುತ್ತಾರೆ. ಆದರೆ ಚಳಿಗಾಲಕ್ಕೆಂದು ಅಗ್ಗದಲ್ಲಿ ಕುಂಬಳ ಕೂಡಿಡುವವರಿಗೆ ಆ ಮೊದಲ ಬಗೆಯ ಹಲಗೆ ಅಂಗಡಿಯೇ ಲೇಸು. ತಕ್ಕಡಿಯಿಲ್ಲದ ಕಡೆ ಬೆಲೆ ಕಾಯಿಗಿಷ್ಟು ಎಂದಿರುತ್ತದೆ. ಹಾಗಾಗಿ ರಾಶಿಯಲ್ಲಿ ಅತಿ ಭಾರದ್ದನ್ನು ಆರಿಸಿಕೊಂಡವರಿಗೇ ಲಾಭ. ಅದೇ ಕಾಯಿ ಸೂಪರ್ ಮಾರ್ಕೆಟ್ಟಿನಲ್ಲಿ ಪೌಂಡಿನ ಲೆಕ್ಕಕ್ಕೆ, ಅಂದರೆ 454 ಗ್ರಾಮಿಗೆ ಇಷ್ಟು ಎಂದು ಏರುತ್ತದೆ. ಸಿಪ್ಪೆ ಹೆರೆದು ಹೋಳು ಮಾಡಿ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ ಇನ್ನೂ ಮೇಲೆ. ಚಾಕು ಹಿಡಿಯಲೊಲ್ಲದ ಸೋಮಾರಿತನಕ್ಕೆ ಅಷ್ಟು ದಂಡ ತೆರುವುದು ನನಗಂತೂ ಸರಿಕಾಣುವುದಿಲ್ಲ.

ಈ ಅಗ್ಗಕ್ಕೆ ಕಾರಣ ಚಳಿ. ಮೊದಲ ಮಂಜುಗಟ್ಟುವ ರಾತ್ರಿ ಬಳ್ಳಿಯೆಲ್ಲ ಸುಟ್ಟಂತೆ ಕಪ್ಪಾಗುತ್ತದೆ. ಅದು ಕಾಯಿಗೂ ತಟ್ಟಿದರೆ ಬಾಳಿಕೆ ಮುಗಿಯಿತು. ಹಾಗಾಗಿ ಅಷ್ಟರೊಳಗೆ ಇಡೀ ಹೊಲದ ಬೆಳೆ ಒಟ್ಟಿಗೆ ಕೊಯ್ದು ಒಳಗೆ ಬರಬೇಕು. ಒಳಗಿಟ್ಟರೂ ಬೆಚ್ಚಗಿನ ಕೊಟ್ಟಿಗೆ ಬೇಕು, ಬಿಸಿಮಾಡುವ ಖರ್ಚಿದೆ. ಅದಕ್ಕಿಂತ ರಸ್ತೆಬದಿಯಲ್ಲಿ ರಾಶಿ ಹಾಕಿ ಮಾರುವುದೇ ಮೇಲು ಎಂಬುದು ರೈತರ ಲೆಕ್ಕ. ನವೆಂಬರಿನ ನಾಲ್ಕನೇ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬದವರೆಗೂ ಗಿರಾಕಿ ಇದ್ದೇ ಇರುತ್ತದೆ. ಜಾಣರು ಅಷ್ಟು ಹೊತ್ತು ಕಾಯದೆ ಅಕ್ಟೋಬರಿನಲ್ಲೇ ಬುಶೆಲ್ ಪೆಟ್ಟಿಗೆ, ಎಂದರೆ ಸುಮಾರು 35 ಲೀಟರ್ ಹಿಡಿಸುವ ಪೆಟ್ಟಿಗೆಯ ಲೆಕ್ಕದಲ್ಲಿ ಕೊಳ್ಳುತ್ತಾರೆ. ‘ಎರಡನೇ ದರ್ಜೆ ಇದೆಯಾ’ ಎಂದು ಕೇಳುವುದೂ ವಾಡಿಕೆ. ಸಿಪ್ಪೆಯ ಮೇಲೆ ಮಾಯ್ದು ಒಣಗಿದ ಗೀರು, ಸೊಟ್ಟ ಮೂತಿ, ಇವಕ್ಕೆಲ್ಲ ಬೆಲೆ ಇಳಿಯುತ್ತದೆ, ರುಚಿ ಇಳಿಯುವುದಿಲ್ಲ.

ಈ ಕುಂಬಳಕ್ಕೆ ಅಲ್ಲಿ ವಿಂಟರ್ ಸ್ಕ್ವಾಶ್, ಅಂದರೆ ಚಳಿಗಾಲದ ಕುಂಬಳ, ಎಂದು ಹೆಸರಾದರೂ ಇದು ಬೇಸಿಗೆಯ ಬೆಳೆಯೇ. ಬಳ್ಳಿಯಲ್ಲೇ ಬಲಿತು ಸಿಪ್ಪೆ ಗಟ್ಟಿಯಾದ ಮೇಲೆ ಕೊಯ್ಯುವುದರಿಂದ ಚಳಿಗಾಲದವರೆಗೂ ಉಳಿಯುತ್ತದೆ. ಕುಂಬಳದ ತವರು ಅಮೆರಿಕ ಖಂಡವೇ. ಮೆಕ್ಸಿಕೋದ ವಹಾಕಾ ಪ್ರಾಂತ್ಯದ ಗಿಲಾ ನಾಕಿಟ್ಜ್ ಗುಹೆಯಲ್ಲಿ ಸಿಕ್ಕ ಬೀಜಗಳು ಸುಮಾರು 10,000 ವರ್ಷ ಹಳೆಯವೆಂದು 1997ರಲ್ಲಿ ಪುರಾತತ್ವಜ್ಞ ಬ್ರೂಸ್ ಸ್ಮಿತ್ ತೋರಿಸಿದರು. ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳ ಮೂರನ್ನೂ ಒಂದೇ ಪಾತಿಯಲ್ಲಿ ಬೆಳೆಯುತ್ತಿದ್ದ ಮೂಲನಿವಾಸಿಗಳಿಗೆ ಇದನ್ನು ಚಳಿಗೆ ಕೂಡಿಡುವ ವಿದ್ಯೆಯೂ ಗೊತ್ತಿತ್ತು. ಉತ್ತರ ಡಕೋಟಾದ ಹಿಡಾಟ್ಸಾ ಜನರಲ್ಲಿ ಬಫಲೋ ಬರ್ಡ್ ವುಮನ್ ಎಂಬ ಹಿರಿಯ ಹೆಂಗಸು ತಮ್ಮ ಬೇಸಾಯದ ವಿವರವನ್ನೆಲ್ಲ ಹೇಳಿ ಬರೆಸಿದ್ದಾರೆ, 1917ರಲ್ಲಿ ಅದು ಪುಸ್ತಕವಾಯಿತು. ಕಾಡುಕೋಣದ ಹೆಗಲ ಮೂಳೆಯಿಂದ ಮಾಡಿದ ಚೂರಿಯಲ್ಲಿ ಕಾಯಿಯನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ಕಡ್ಡಿಗೆ ಪೋಣಿಸಿ, ಬಿಸಿಲಿಗೆ ಒಣಗಿಸುತ್ತಿದ್ದರಂತೆ. ನಮ್ಮಲ್ಲಿ ಬಾಳಕ ಒಣಗಿಸುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಲಗೆಯ ಮೇಲೆ ಕಾಣುವವುಗಳಲ್ಲಿ ನನಗೆ ಅಚ್ಚುಮೆಚ್ಚು ಹಬ್ಬರ್ಡ್. ನೋಡಲು ಮಾತ್ರ ಏನೇನೂ ಚೆಂದವಿಲ್ಲ. ಎರಡು ತುದಿ ಚೂಪು, ನಡು ಉಬ್ಬು, ಮೈತುಂಬ ನರಹುಲಿಯಂಥ ಗಂಟು, ಬೂದಿ ಬಳಿದ ನೀಲಿ ಬಣ್ಣ. ಏಳೆಂಟು ಕಿಲೋ ತೂಗುವುದು ಸಾಮಾನ್ಯ. ಬಾಸ್ಟನ್ನಿನ ಉತ್ತರಕ್ಕೆ ಕಡಲ ದಂಡೆಯಲ್ಲಿರುವ ಮಾರ್ಬಲ್‌ಹೆಡ್ ಊರಿನ ಬೀಜದ ವ್ಯಾಪಾರಿ ಜೇಮ್ಸ್ ಗ್ರೆಗರಿ 19ನೇ ಶತಮಾನದ ನಡುವೆ ಇದರ ಹಸಿರು ತಳಿಯನ್ನು ಪ್ರಚಾರಕ್ಕೆ ತಂದರು. ತಮ್ಮ ಮನೆಯವರಿಗೆ ಅದನ್ನು ಪರಿಚಯಿಸಿದ್ದ ಎಲಿಜಬೆತ್ ಹಬ್ಬರ್ಡ್ ಎಂಬಾಕೆಯ ಹೆಸರನ್ನೇ ಅದಕ್ಕಿಟ್ಟರು. ಕುಂಬಳ ಬೆಳೆಯುವುದು ಹೇಗೆಂದು ಒಂದು ಪುಸ್ತಕವನ್ನೂ ಬರೆದರು. ನೀಲಿ ಹಬ್ಬರ್ಡ್ ಗ್ರೆಗರಿ ಕಂಪನಿಯಿಂದಲೇ 1909ರಲ್ಲಿ ಹೊರಬಂತು. ಇಷ್ಟು ದೊಡ್ಡ ಕಾಯಿ ಇಂದಿನ ಸಣ್ಣ ಸಂಸಾರಗಳಿಗೆ ಒಗ್ಗುವುದಿಲ್ಲ, ಹಾಗಾಗಿ ಕೊಳ್ಳುವವರು ಕಡಿಮೆ. ಆದರೆ ಐದಾರು ತಿಂಗಳು ಕೆಡದೆ ನಿಲ್ಲುವ ಕಾಯಿ ಇದು. ಇದಕ್ಕಿಂತ ಅಗ್ಗದ ಸರಕು ಆ ರಸ್ತೆಯಲ್ಲಿ ಸಿಗಲಾರದು.

ಬಟರ್‌ನಟ್ ಕೂಡ ಇದೇ ರಾಜ್ಯದ ಕೂಸು. 1940ರ ದಶಕದಲ್ಲಿ ಸ್ಟೋ ಎಂಬ ಊರಿನಲ್ಲಿ ಚಾರ್ಲ್ಸ್ ಲೆಗೆಟ್ ಇದನ್ನು ಬೆಳೆಸಿದರು. ವಾಲ್ಥಮ್ ಊರಿನ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಿದ್ದಿ ಬೆಳೆಸಿದ ‘ವಾಲ್ಥಮ್ ಬಟರ್‌ನಟ್’ ತಳಿಗೆ 1970ರಲ್ಲಿ ಅಖಿಲ ಅಮೆರಿಕ ಮಟ್ಟದ ಬೀಜ ಪುರಸ್ಕಾರ ಬಂತು. ಹಳೆಯ ಗೂಸ್‌ನೆಕ್ ತಳಿಯ ಕತ್ತು ಬಾಗಿ ಡೊಂಕಾಗಿರುತ್ತಿತ್ತು, ಪೆಟ್ಟಿಗೆಯಲ್ಲಿ ಜೋಡಿಸಲು ಬರುತ್ತಿರಲಿಲ್ಲ. ಬಟರ್‌ನಟ್ಟಿನ ಕತ್ತು ನೇರ, ಸಿಪ್ಪೆ ತೆಳು, ಬೀಜವೆಲ್ಲ ಕೆಳಗಿನ ಬುರುಡೆಯಲ್ಲಿ, ಮೇಲೆ ಬರೀ ತಿರುಳು. ಗಿರಾಕಿಗೂ ಲಾರಿಯವರಿಗೂ ಒಟ್ಟಿಗೆ ಒಪ್ಪಿಗೆಯಾಗುವ ತರಕಾರಿ ಅಪರೂಪ. ನಮ್ಮ ಸಿಹಿಗುಂಬಳ, ಮಲೆನಾಡಿನವರ ಚೀನಿಕಾಯಿ, ಹೆಚ್ಚಾಗಿ ಇದೇ ಪ್ರಭೇದಕ್ಕೆ ಸೇರಿದ್ದು. ಹಾಗಾಗಿ ಅಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲಿ ಹುಳಿಗೂ ಪಲ್ಯಕ್ಕೂ ಬಟರ್‌ನಟ್ಟೇ ನಡೆಯುತ್ತದೆ. ಸಾಸಿವೆ, ಒಣಮೆಣಸು, ಕಾಯಿತುರಿ ಬಿದ್ದ ಮೇಲೆ ಗುರುತು ಹಿಡಿಯುವುದು ಕಷ್ಟ. ತುಸು ಹೆಚ್ಚು ಸಿಹಿ, ಬೇಗ ಬೇಯುತ್ತದೆ. ಬೆಲ್ಲ ಕಡಿಮೆ ಹಾಕಿ ಕಡುಬಿಗೂ ತುರಿದುಕೊಳ್ಳಬಹುದು.

ಏಕಾರ್ನ್ ಬಗ್ಗೆ ಅಷ್ಟು ಒಳ್ಳೆಯ ಮಾತು ಹೇಳಲಾರೆ. ಅಯೋವಾದ ಬೀಜದ ಕಂಪನಿಯೊಂದು 1913ರಲ್ಲಿ ‘ಟೇಬಲ್ ಕ್ವೀನ್’ ಹೆಸರಿನಲ್ಲಿ ಬಿಟ್ಟ ಇದು ಅಂಗೈಗಿಂತ ತುಸು ದೊಡ್ಡದು. ಎರಡು ಹೋಳು ಮಾಡಿ ಬೆಣ್ಣೆ ಸವರಿ ಬೇಯಿಸಿದರೆ ಇಬ್ಬರಿಗೆ ಸರಿ. ರಾಶಿಯಲ್ಲಿ ಹೆಚ್ಚಾಗಿ ಇದರದೇ ಬೆಲೆ ಕಡಿಮೆ, ಹಾಗಾಗಿ ಹೊಸಬರು ಚೀಲ ತುಂಬ ಒಯ್ಯುತ್ತಾರೆ. ಐದರಿಂದ ಎಂಟು ವಾರದಲ್ಲಿ ನಾರಾಗುತ್ತದೆ. ಡಿಸೆಂಬರಿನಲ್ಲಿ ಎಸೆದ ಕಾಯಿಯ ದುಡ್ಡನ್ನೂ ಸೇರಿಸಿ ಲೆಕ್ಕ ಹಾಕಿದರೆ ಇದರಷ್ಟು ದುಬಾರಿ ಬೇರೆಯಿಲ್ಲ.

ಹಾಲೋವೀನ್ ಹಬ್ಬಕ್ಕೆ ಕಣ್ಣು ಬಾಯಿ ಕೊರೆದು ದೀಪವಿಡುವ ಕಿತ್ತಳೆ ಕಾಯಿಯನ್ನಂತೂ ಊಟಕ್ಕೆ ಎಣಿಸಲೇಬಾರದು. ತಿರುಳು ತೆಳು, ನೀರು ನೀರು, ಬರೀ ನಾರು. ಅಕ್ಟೋಬರ್ 31 ಕಳೆದ ಮೇಲೆ ಪುಕ್ಕಟೆ ಕೊಟ್ಟರೂ ಅಷ್ಟೇ. ಆಯುಧಪೂಜೆಯ ಮರುದಿನ ಬೆಂಗಳೂರಿನ ರಸ್ತೆಯಲ್ಲಿ ಒಡೆದ ಬೂದುಗುಂಬಳದ ಮೇಲೆ ಸ್ಕೂಟರುಗಳು ಜಾರುವ ಆಸುಪಾಸಿನಲ್ಲೇ ಅಲ್ಲಿನ ಮನೆಗಳ ಮೆಟ್ಟಿಲ ಮೇಲೂ ಇವು ಕೊಳೆಯತೊಡಗಿರುತ್ತವೆ. ಇನ್ನು ಅಕ್ಟೋಬರಿನಲ್ಲಿ ನಡೆಯುವ ಟಾಪ್ಸ್‌ಫೀಲ್ಡ್ ಜಾತ್ರೆಯ ದೈತ್ಯ ಕುಂಬಳಗಳು ನೋಡುವುದಕ್ಕಷ್ಟೇ. 2012ರಲ್ಲಿ ರಾನ್ ವಾಲೇಸ್ ಎಂಬ ಬೆಳೆಗಾರ ಅಲ್ಲಿ ತೂಗಿಸಿದ ಕಾಯಿ 2,009 ಪೌಂಡ್, ಅಂದರೆ 911 ಕಿಲೋ ಇತ್ತು!

ಕೂಡಿಡುವ ಕಾಯಿ ಆರಿಸುವಾಗ ಮೊದಲು ನೋಡಬೇಕಾದ್ದು ತೊಟ್ಟು. ತೊಟ್ಟು ಮುರಿದಿದ್ದರೆ ಆ ಗಾಯದಿಂದಲೇ ಕೊಳೆ ಶುರು. ಹಾಗಾಗಿ ತೊಟ್ಟು ಹಿಡಿದು ಎತ್ತುವವರನ್ನು ಕಂಡರೆ ರೈತರಿಗೆ ಸಿಟ್ಟು. ಉಗುರು ಒತ್ತಿದರೆ ಸಿಪ್ಪೆಗೆ ಇಳಿಯಬಾರದು (ಮಾರುವವರ ಎದುರಿಗೆ ಈ ಪರೀಕ್ಷೆ ಬೇಡ). ಬಟರ್‌ನಟ್ಟಿನ ಮೈಮೇಲೆ ಹಸಿರು ಗೆರೆ ಉಳಿದಿದ್ದರೆ ಅದು ಎಳೆಯದು. ನೆಲಕ್ಕೆ ತಾಗಿದ್ದ ಮಚ್ಚೆ ಬಿಳಿಯಾಗಿರದೆ ಹಳದಿಗೆ ತಿರುಗಿರಬೇಕು.

ಬಟರ್‌ನಟ್, ಹಬ್ಬರ್ಡ್‌ಗಳನ್ನು ಕೊಯ್ದ ಮೇಲೆ ಸುಮಾರು ಹತ್ತು ದಿನ 27ರಿಂದ 29 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಗಾಳಿಯಾಡುವಲ್ಲಿ ಇಟ್ಟರೆ ಸಿಪ್ಪೆ ಬಿಗಿಯುತ್ತದೆ, ಸಣ್ಣ ಗಾಯಗಳು ಮಾಯುತ್ತವೆ. ಒಳ್ಳೆಯ ರೈತರು ಇದನ್ನು ಮಾಡಿಯೇ ಮಾರುತ್ತಾರೆ. ಏಕಾರ್ನ್‌ಗೆ ಈ ಉಪಚಾರ ಆಗದು, ಇನ್ನಷ್ಟು ಬೇಗ ಕೆಡುತ್ತದೆ. ಆಮೇಲೆ ಬೇಕಾದದ್ದು 10ರಿಂದ 13 ಡಿಗ್ರಿ ತಂಪು ಮತ್ತು ಒಣಗಾಳಿ. ಫ್ರಿಜ್ಜು ಇದಕ್ಕೆ ಶತ್ರು, 10 ಡಿಗ್ರಿಗಿಂತ ಕೆಳಗಿನ ಥಂಡಿಯಲ್ಲಿ ತಿರುಳು ಒಳಗೊಳಗೇ ಹಾಳಾಗುತ್ತದೆ. ಒಲೆ ಉರಿಯುವ ಅಡುಗೆಮನೆಯೂ ಬೇಡ. ಬಳಸದ ಮಲಗುವ ಕೋಣೆ, ಮಂಚದ ಕೆಳಗೆ, ನೆಲಮಾಳಿಗೆಯ ಮೆಟ್ಟಿಲು, ಇಂಥ ಕಡೆ ಒಂದಕ್ಕೊಂದು ತಾಗದಂತೆ ಸಾಲಾಗಿ ಇಡುತ್ತಾರೆ. ಸೇಬಿನ ಬುಟ್ಟಿ ಪಕ್ಕದಲ್ಲಿ ಇರಕೂಡದು, ಸೇಬು ಬಿಡುವ ಎಥಿಲಿನ್ ಅನಿಲ ಕುಂಬಳದ ಬಾಳಿಕೆ ತಗ್ಗಿಸುತ್ತದೆ. ಮಳೆಗಾಲಕ್ಕೆಂದು ಸೌತೆಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಕೆಳಗೆ ತೂಗಹಾಕುವ ದಕ್ಷಿಣ ಕನ್ನಡದ ಮನೆಯವರು ಅಲ್ಲಿಗೆ ಹೋದರೆ ತಾಗದಂತಿಡುವ ಈ ಪಾಠವನ್ನು ಯಾರಿಂದಲೂ ಕೇಳಬೇಕಿಲ್ಲ. ವಾರಕ್ಕೊಮ್ಮೆ ತಿರುಗಿಸಿ ನೋಡಿ, ಮೆತ್ತಗಾದದ್ದನ್ನು ಆಚೆ ತೆಗೆದರೆ ಆಯಿತು. ಇರುತ್ತ ಇರುತ್ತ ರುಚಿಯಾಗುವ ಬಗೆಗಳೂ ಇವೆ. ಜಪಾನಿನ ಕಬೋಚಾದಲ್ಲಿ ಪಿಷ್ಟ ನಿಧಾನ ಸಕ್ಕರೆಯಾಗುವುದರಿಂದ ಕೊಯ್ದು ಒಂದೆರಡು ತಿಂಗಳು ಬಿಟ್ಟು ತಿಂದರೇ ಚೆನ್ನ.

ಕೈಯಲ್ಲಿ ದುಡ್ಡೇ ಕಡಿಮೆಯಿದ್ದವರಿಗೂ ದಾರಿಗಳಿವೆ. ಸರ್ಕಾರದ ಆಹಾರ ನೆರವಿನ ಕಾರ್ಡ್ ಇರುವವರು ಯೋಜನೆಗೆ ಸೇರಿದ ಫಾರ್ಮ್ ಸ್ಟ್ಯಾಂಡುಗಳಲ್ಲಿ, ರೈತರ ಸಂತೆಗಳಲ್ಲಿ ತರಕಾರಿ ಕೊಂಡರೆ, ತಿಂಗಳಿಗೆ ಒಂದು ಮಿತಿಯವರೆಗೆ ಅಷ್ಟು ಹಣ ಕಾರ್ಡಿಗೆ ಮರಳುವ ವ್ಯವಸ್ಥೆಯನ್ನು ಮ್ಯಾಸಚೂಸೆಟ್ಸ್ 2017ರಲ್ಲಿ ತಂದಿತು. ಹೊಲದಲ್ಲೇ ಉಳಿದದ್ದನ್ನು ಹಕ್ಕಲಾಯ್ದು ಹಸಿದವರಿಗೆ ತಲುಪಿಸುವ ಸಂಸ್ಥೆಗಳೂ ಇವೆ. 2004ರಲ್ಲಿ ಶುರುವಾದ ಬಾಸ್ಟನ್ ಏರಿಯಾ ಗ್ಲೀನರ್ಸ್ ಅಂಥದೊಂದು.

ಹಬ್ಬರ್ಡ್ ಕೊಂಡವರಿಗೆ ಕೊನೆಗೆ ಉಳಿಯುವ ಸಮಸ್ಯೆ ಅದನ್ನು ಒಡೆಯುವುದು. ಅಡುಗೆಮನೆಯ ಚಾಕು ಸಿಕ್ಕಿಕೊಂಡರೆ ಕೈಗೇ ಅಪಾಯ. ಕೊಡಲಿ ಹಿಡಿಯುವವರಿದ್ದಾರೆ. ಗೋಣಿಯಲ್ಲಿ ಸುತ್ತಿ ಅಂಗಳದ ಕಾಂಕ್ರೀಟಿನ ಮೇಲೆ ಎತ್ತಿಹಾಕುವವರೂ ಇದ್ದಾರೆ, ನನಗೆ ಇದೇ ಮೇಲೆನಿಸುತ್ತದೆ. ಒಂದು ದಿನಕ್ಕೆ ಬೇಕಾದ್ದನ್ನು ತೆಗೆದುಕೊಂಡು ಉಳಿದದ್ದನ್ನು ಬೇಯಿಸಿ ನುರಿದು ಫ್ರೀಜರಿಗೆ ಹಾಕುತ್ತಾರೆ. ಬೀಜ ತೊಳೆದು ಒಣಗಿಸಿ ಉಪ್ಪು ಖಾರ ಹಾಕಿ ಹುರಿಯಬಹುದು. ಬಿತ್ತಲು ಎತ್ತಿಡುವ ಆಸೆ ಮಾತ್ರ ಬೇಡ. ಒಂದೇ ಪ್ರಭೇದದ ಬಳ್ಳಿಗಳನ್ನು ಜೇನ್ನೊಣ ಬೆರಸುತ್ತದೆ, ಏಕಾರ್ನಿನ ಬೀಜದಿಂದ ಪಕ್ಕದ ಹೊಲದ ಜುಕಿನಿಯ ಗುಣದ ಕಾಯಿ ಬಂದೀತು. ಫೆಬ್ರುವರಿಯಲ್ಲಿ ಬೀಜದ ಪೊಟ್ಟಣ ಕೊಂಡರೆ ಸಾಕು; ಹೊಲವಿಲ್ಲದವರು ಅದನ್ನೂ ಕೊಳ್ಳಬೇಕಿಲ್ಲ.