ದಂಡಿನ ಬೆಂಗಳೂರಿನಲ್ಲಿ ಕುಡಿತದ ಕಟ್ಟಳೆಗಳು

ಮದ್ಯ ಏರಿದಾಗ ನಾಲಿಗೆ ತೊದಲುವುದೂ ಕಾಲು ತಡವರಿಸುವುದೂ ಎಲ್ಲ ನಾಡಿನವರಿಗೂ ಒಂದೇ; ಆದರೆ ಕುಡಿದವರು ಜಗಳಕ್ಕಿಳಿಯುವರೋ, ಹಾಡುವರೋ, ಸುಮ್ಮನಾಗುವರೋ ಎಂಬುದನ್ನು ಅವರವರ ಸಮಾಜವೇ ಕಲಿಸಿರುತ್ತದೆ ಎಂದು ಕ್ರೇಗ್ ಮ್ಯಾಕ್‌ಆಂಡ್ರೂ ಮತ್ತು ರಾಬರ್ಟ್ ಎಡ್ಜರ್ಟನ್ 1969ರ ತಮ್ಮ ಗ್ರಂಥದಲ್ಲಿ ವಾದಿಸಿದರು.

ಬ್ರಿಟಿಷರು 1809ರಲ್ಲಿ ಹಲಸೂರಿನ ಆಸುಪಾಸಿನಲ್ಲಿ ಕಟ್ಟಿದ ದಂಡು ಪ್ರದೇಶ ಈ ವಾದಕ್ಕೆ ಒಳ್ಳೆಯ ನಿದರ್ಶನ. ಪಡೆಯೊಂದಿಗೆ ಬಿಯರೂ ಬಂದಿತು. ದಕ್ಷಿಣ ಭಾರತದ ಹಲವು ಬಿಯರ್ ಕಾರ್ಖಾನೆಗಳನ್ನು ಥಾಮಸ್ ಲೀಷ್‌ಮನ್ 1915ರಲ್ಲಿ ಒಗ್ಗೂಡಿಸಿದಾಗ ಯುನೈಟೆಡ್ ಬ್ರೂವರೀಸ್ ಹುಟ್ಟಿತು. ಆದರೆ ಪಡೆಯ ಸುತ್ತ ನೆಲೆಸಿದವರಿಗೆ ಮದ್ಯದ ಅರ್ಥ ಒಂದೇ ಆಗಿರಲಿಲ್ಲ. ಶಿವಾಜಿನಗರದ ಮುಸ್ಲಿಮರಿಗೆ ಅದು ನಿಷಿದ್ಧ. ಅಲ್ಲೇ ಸೇಂಟ್ ಮೇರಿ ಬೆಸಿಲಿಕಾದ ಬಲಿಪೂಜೆಯಲ್ಲಿ ದ್ರಾಕ್ಷಾರಸ ಪವಿತ್ರ. ಆಂಗ್ಲೋ-ಇಂಡಿಯನ್ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆ ತಯಾರಾದ ವೈನು ಕೇಕಿನ ಜೊತೆ ಅತಿಥಿಗೆ ಸಲ್ಲುವ ಮರ್ಯಾದೆ. ಮುನೇಶ್ವರನ ಭಕ್ತರಿಗೆ ಸಾರಾಯಿ ಎಡೆಯ ವಸ್ತು.

ಮನೆಯವರಿಗೆ ತಿಳಿಯಬಾರದೆಂಬ ಅಳುಕಿರುವಲ್ಲಿ ಮಾತ್ರ ಕುಡಿತ ಅವಸರದ ಕೆಲಸವಾಗುತ್ತದೆ. ಸಿಎಲ್-2 ಪರವಾನಗಿಯ ಅಂಗಡಿಯಲ್ಲಿ ಕೊಳ್ಳಬಹುದೇ ಹೊರತು ಅಲ್ಲೇ ಕುಡಿಯುವಂತಿಲ್ಲ, ಕೂತು ಕುಡಿಯಲು ಸಿಎಲ್-9ರ ಬಾರ್ ಬೇಕು. ಹೀಗಾಗಿ ಅಲ್ಪ ಕೂಲಿಯವನು ‘ನೈಂಟಿ’ಯನ್ನು, ಅಂದರೆ 90 ಮಿಲಿಲೀಟರನ್ನು, ಎಲ್ಲೋ ಮರೆಯಲ್ಲಿ ಒಂದೇ ಗುಟುಕಿಗೆ ಮುಗಿಸುತ್ತಾನೆ. 2007ರ ಜುಲೈ 1ರಿಂದ ಸಾರಾಯಿ ಮಾರಾಟ ನಿಂತಾಗ ಬದಲಾದದ್ದು ಪ್ಯಾಕೆಟ್ಟೇ ಹೊರತು ಈ ಅವಸರವಲ್ಲ.

ಇಂದಿರಾನಗರದ ರೀತಿ ಬೇರೆ. 2010ರಲ್ಲಿ ಆರಂಭವಾದ ಟಾಯ್ಟ್‌ನಂಥ ಕಡೆಗಳಲ್ಲಿ ಬಿಯರ್ ಅಲ್ಲೇ ತಯಾರಾಗುತ್ತದೆ, ಹೆಂಗಸರೂ ಗಂಡಸರೂ ಒಂದೇ ಮೇಜಿಗೆ ಕೂರುತ್ತಾರೆ, ಕಚೇರಿಯ ತಂಡಗಳು ಅಲ್ಲೇ ಕೂಟ ನಡೆಸುತ್ತವೆ. ಕ್ರಿಸ್ಟೋಫರ್ ಅರ್ಲಿ ಮತ್ತು ಸೂನ್ ಆಂಗ್ 2003ರಲ್ಲಿ ವಿವರಿಸಿದ ‘ಸಾಂಸ್ಕೃತಿಕ ಬುದ್ಧಿಮತ್ತೆ’, ಅಂದರೆ ಅನ್ಯರ ರೀತಿನೀತಿಗಳನ್ನು ಗ್ರಹಿಸಿ ತಕ್ಕಂತೆ ನಡೆದುಕೊಳ್ಳುವ ಸಾಮರ್ಥ್ಯ, ಬೇಕಾಗುವುದು ಇಂಥ ಮೇಜಿನಲ್ಲೇ. ಅಕ್ಕಿಯ ಮದ್ಯವನ್ನು ಹಬ್ಬದ ಪಾನೀಯವೆಂದು ಕಂಡ ಈಶಾನ್ಯ ಭಾರತದವರೂ ಪಾನನಿಷೇಧದ ಗುಜರಾತಿನಿಂದ ಬಂದವರೂ ಅಲ್ಲಿ ಅಕ್ಕಪಕ್ಕ ಕೂತಿರಬಹುದು. ಕೊರಿಯಾದಲ್ಲಿ ಹಿರಿಯರೆದುರು ಕಿರಿಯರು ಮುಖ ಪಕ್ಕಕ್ಕೆ ತಿರುಗಿಸಿ ಕುಡಿಯುತ್ತಾರೆ, ಕೆ.ಆರ್. ಪುರದ ಹಳೆಯ ಮನೆತನದ ಹುಡುಗ ಅಂಥ ಸಂದರ್ಭದಲ್ಲಿ ಜಾಗವನ್ನೇ ಬಿಟ್ಟೇಳುತ್ತಾನೆ. ಗೌರವ ಒಂದೇ, ತೋರುವ ಬಗೆ ಬೇರೆ. ಅದನ್ನರಿಯದ ಮೇಲಧಿಕಾರಿ ಅವನನ್ನು ಬೆರೆಯದವನೆಂದು ಎಣಿಸುವುದುಂಟು. ‘ಒಂದೇ ಒಂದು ತಗೊಳ್ಳಿ’ ಎಂಬ ಒತ್ತಾಯ ಉಪಚಾರದ ಮಾತೆನಿಸಿದರೂ ಒಲ್ಲದವರಿಗೆ ಅದು ವಿಚಾರಣೆಯೇ ಸರಿ. ಕೊನೆಗೆ ಬಿಲ್ಲನ್ನು ಸಮನಾಗಿ ಹಂಚುವಾಗ ನಿಂಬೆ ಸೋಡಾದವರೂ ಬಿಯರಿನ ಹಣ ತೆರುತ್ತಾರೆ.